ಮೆಟಲ್ ಮೇಳದಲ್ಲಿ ಬೀರಪ್ಪನ ಟಗರು

"ಟಗರು ಇಳಸಲೇ ಕೆಳಗ! ಇಲ್ಲಾಂದ್ರ ನಿನ್ನ ಇಳಿಸ್ತೀವಿ!"

ನನ್ನ ಕಾಲರ್ ಹಿಡಿದಿದ್ದ ಕೈ ನನ್ನ ತೊಡೆಯಷ್ಟು ದಪ್ಪ. ಕೈಯ ಆ ತುದಿಗೆ ಒಬ್ಬ ಬೌನ್ಸರ್. ಅವನ ಪಕ್ಕ ಇನ್ನೊಬ್ಬ. ಅವನ ಹತ್ತಿರ ಟೆಂಟಿಗೆ ಹೊಡೆಯುವ ಕಬ್ಬಿಣದ ಗೂಟ.

ನಾನು ನನ್ನ ಲಗೇಜ್ ಆಟೋದ ಡ್ರೈವರ್ ಸೀಟಿನಲ್ಲಿದ್ದೆ. ಹಿಂದುಗಡೆ ಕಡಲೆಹಿಟ್ಟಿನ ಚೀಲಗಳ ಮಧ್ಯೆ ಎಂಟು ವರ್ಷದ ಕರಿ ಟಗರು ನಿಂತಿತ್ತು. ಎರಡೂವರೆ ಸುತ್ತಿನ ಕೊಂಬು!

ಟೈಮು ನಾಲ್ಕೂ ಇಪ್ಪತ್ತು.

ಐದಕ್ಕೆ ಎರಡು ಸಂಗತಿ ನಡೆಯುವುದಿತ್ತು. ನಾನು ಹತ್ತೊಂಬತ್ತು ವರ್ಷ ಕಾದ ಬ್ಯಾಂಡು ವೇದಿಕೆ ಹತ್ತುವುದಿತ್ತು. ಹದಿನೆಂಟು ಕಿಲೋಮೀಟರ್ ಆಚೆಯ ಹಟ್ಟಿಯಲ್ಲಿ ಒಬ್ಬ ಹೆಣ್ಣುಮಗಳನ್ನು ಕುಲದಿಂದ ಹೊರಗೆ ಹಾಕುವುದಿತ್ತು. ಎರಡು ಕಡೆಗೂ ಬೇಕಾಗಿದ್ದದ್ದು ಇದೇ ಟಗರು...

ತಡೀರಿ. ಹೀಗೆ ಹೇಳಿದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಮುಂಜಾನೆಯಿಂದ ಬರುತ್ತೇನೆ.

ನಾನು ಪಾಲಾಕ್ಷಪ್ಪ. ಕೊಟ್ಟೂರು ಬಸ್ ಸ್ಟ್ಯಾಂಡ್ ಹತ್ತಿರ ಒಗ್ಗರಣಿ-ಮಿರ್ಚಿ ಅಂಗಡಿ. ಅದಕ್ಕೂ ಮುಂಚೆ ಹನ್ನೆರಡು ವರ್ಷ ಕುರಿ ಲಾರಿ ಓಡಿಸಿದವನು. ಕದ್ದ ಕುರಿ ಯಾವ ಸಂತೆಯಲ್ಲಿ ಕೈ ಬದಲಾಗುತ್ತದೆ, ಯಾವ ಹಟ್ಟಿಯವರು ಗುರುತಿಗೆಂದು ಕಿವಿಯ ಯಾವ ಅಂಚಿಗೆ ಕತ್ತರಿ ಹಾಕುತ್ತಾರೆ, ಎಲ್ಲ ಗೊತ್ತು. ಕುರಿ ಕಳೆದುಕೊಂಡವರು ಸ್ಟೇಷನ್ನಿಗೆ ಹೋಗುವ ಮುಂಚೆ ನನ್ನ ಬಾಣಲೆ ಮುಂದೆ ಬಂದು ನಿಲ್ಲುತ್ತಾರೆ. ಹುಡುಕಿಕೊಡುತ್ತೇನೆ. ಆ ಕೆಲಸದಲ್ಲಿ ಎರಡು ಸಲ ಚಾಕು ಹಾಕಿಸಿಕೊಂಡಿದ್ದೇನೆ.

ಇನ್ನೊಂದು ಹುಚ್ಚು ನನಗೆ. ಮೆಟಲ್ ಸಂಗೀತ! ಗಿಟಾರು, ಡ್ರಮ್ಮು, ಗಂಟಲು ಹರಿಯುವಂಥ ಕೂಗು.

ಲಾರಿ ಕಾಲದಲ್ಲಿ ಹಂಪಿ ಕಡೆಯಿಂದ ಹತ್ತಿದ ಒಬ್ಬ ಫಾರಿನ್ನವನು ಕ್ಯಾಸೆಟ್ ಮರೆತು ಇಳಿದುಹೋದ. ಶಿಲ್ಲಾಂಗಿನ ಬ್ಯಾಂಡು, ಹೆಸರು 'ಆ್ಯಶ್ ಫರ್ನೇಸ್'. ಹಾಕಿದೆ. ಎದೆಗೆ ಒದ್ದಂತಾಯಿತು. ಒಂದು ಪದವೂ ಅರ್ಥವಾಗಲಿಲ್ಲ. ನನ್ನ ಹೆಂಡತಿ ಗಂಗಾಂಬಿಕಾ ಆಗತಾನೆ ಹಡಗಲಿಯ ತವರಿಗೆ ಹೋಗಿದ್ದಳು. ಜಗಳ ಆಡಿ ಹೋಗಿದ್ದರೆ ಕರೆದು ತರಬಹುದಿತ್ತು. ಸುಮ್ಮನೆ ಹೋದಳು, ಬರಲೇ ಇಲ್ಲ. ನಾನು ಕೂಗಲಾರದೆ ಒಳಗಿಟ್ಟುಕೊಂಡದ್ದನ್ನೆಲ್ಲ ಆ ಕ್ಯಾಸೆಟ್ಟಿನವರು ಕೂಗಿದರು!

ಆದರೆ ಅದರ ಬಗ್ಗೆ ಮಾತಾಡಲು ಐದು ತಾಲೂಕಿನಲ್ಲಿ ಒಂದು ನರಪಿಳ್ಳೆ ಇಲ್ಲ. "ಏನಿದು ಪಾಲಾಕ್ಷಣ್ಣ, ಕ್ರಷರ್ ಕೆಟ್ಟೈತೇನು?" ಎಂದು ನಗುವವರೇ ಎಲ್ಲ. ನಗಲಿ ಬಿಡಿ. ಹತ್ತೊಂಬತ್ತು ವರ್ಷ ಒಬ್ಬನೇ ಕೇಳಿದೆ. ಹಾಡು ಮುಗಿದ ಮೇಲೆ "ಹೆಂಗಿತ್ತು?" ಎಂದು ಕೇಳಲು ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಅದು ಭಾರೀ ಬೇಜಾರು.

ಅಂಥದ್ದರಲ್ಲಿ ಕೂಡ್ಲಿಗಿ ಹೆದ್ದಾರಿ ಪಕ್ಕದ ಬಂಡೆಗಳ ನಡುವೆ ಮೆಟಲ್ ಫೆಸ್ಟಿವಲ್! ಅದೂ ಅದೇ ಬ್ಯಾಂಡು! ಅವರ ಕೊನೆಯ ಶೋ ಅಂತೆ, ಆಮೇಲೆ ಬಾಗಿಲು ಹಾಕುತ್ತಾರಂತೆ. ಹೇಗೋ ಮಾಡಿ ಸ್ಟಾಲ್ ಹಿಡಿದೆ. ನಂಬರ್ ಒಂಬತ್ತು. ಅಲ್ಲಿಂದ ವೇದಿಕೆ ಕಾಣುವುದಿಲ್ಲ, ಫ್ಲೆಕ್ಸಿನ ಬೆನ್ನು ಕಾಣುತ್ತದೆ.

ಅವತ್ತು ಮುಂಜಾನೆ ಎಣ್ಣೆ ಇನ್ನೂ ಕಾದಿರಲಿಲ್ಲ. ತಿಪ್ಪೇರುದ್ರಮ್ಮ ಬಂದು ನಿಂತಳು. ಕಾನಹೊಸಹಳ್ಳಿ ಆಚೆಯ ಹಟ್ಟಿಯವಳು. ಗಂಡ ಇಲ್ಲ. ಹಿಂದೊಮ್ಮೆ ಅವಳ ಹನ್ನೊಂದು ಕುರಿ ಹುಡುಕಿಕೊಟ್ಟಿದ್ದೆ.

"ಪಾಲಾಕ್ಷಣ್ಣಾ, ಬೀರಪ್ಪನ ಟಗರು ಕಾಣವಲ್ದು. ಮೊನ್ನಿಯಿಂದ."

ನನ್ನ ಕೈಯ ಸೌಟು ನಿಂತಿತು. ದೇವರಿಗೆ ಬಿಟ್ಟ ಟಗರು ಸ್ವಾಮಿ ಅದು. ಕಟ್ಟುವಂತಿಲ್ಲ, ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಯಾರ ಹೊಲಕ್ಕೆ ಬಾಯಿ ಹಾಕಿದರೂ ಕೈ ಮುಗಿದು ಸುಮ್ಮನಾಗಬೇಕು. ಅದರ ನೀರು ಮೇವು ನೋಡುವ ಪಾಳಿ ಈ ವರ್ಷ ಅವಳ ಮನೆಯದು.

"ನಾನ ಮಾರೀನಿ ಅಂತಾರ. ಇವತ್ತು ಐದಕ್ಕ ಹಿರೇರು ಗುಡಿಕಟ್ಟಿಗೆ ಕರದಾರ. ಟಗರು ತರದಿದ್ರ ಕುಲದ ಹೊರಗ. ಒಲಿಗೆ ಕೆಂಡ ಸೈತ ಯಾರೂ ಕೊಡಂಗಿಲ್ಲಣ್ಣ."

"ಇವತ್ತು ಆಗಂಗಿಲ್ಲವ್ವಾ. ಇವತ್ತೊಂದ ದಿನ ನನ್ನ ಬಿಡು."

"ನಾಳಿ ಹುಡುಕಿ ಏನ್ ಮಾಡ್ತಿ?"

ನಾನು ಎಣ್ಣೆ ಕಡೆ ತಿರುಗಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಸ್ಟಾಲಿನ ಹಿಂದೆ ಕೂತು ನನ್ನ ಮೆಣಸಿನಕಾಯಿ ಸೀಳಿಕೊಡತೊಡಗಿದಳು. ಥೂ! ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎರಡೂವರೆಗೆ ಎದ್ದು ಸೆರಗು ಝಾಡಿಸಿಕೊಂಡಳು.

"ಬಸ್ಸಿಗೆ ಹೋಗ್ತೀನಿ. ತಪ್ಪಿಸ್ಕಂಡು ಓಡಿಹೋದ್ಲು ಅನ್ನಬಾರ್ದು."

ಅವಳು ಹೋದ ಗಳಿಗೆಗೆ ಒಬ್ಬ ಹುಡುಗಿ ಬಂದಳು. ಕಪ್ಪು ಟೀ ಶರ್ಟು, ಮೇಲೆ 'ಆ್ಯಶ್ ಫರ್ನೇಸ್' ಚಿತ್ರ.

"ಅಂಕಲ್, ಎರಡು ಪ್ಲೇಟ್."

"ಅದು ಅವರ ಎರಡನೇ ಕ್ಯಾಸೆಟ್ಟಿನ ಚಿತ್ರ," ಎಂದೆ.

ಹುಡುಗಿ ಬಾಯಿ ತೆರೆದು ನಿಂತಳು. "ನೀವು... ಕೇಳ್ತೀರೇನ್ರಿ?!"

ಹೆಸರು ಕ್ರಾಂತಿ. ಹಗರಿಬೊಮ್ಮನಹಳ್ಳಿಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತಾಳೆ. ಮೊಬೈಲಿನಲ್ಲಿ ಮೆಟಲ್ ಸುದ್ದಿಯ ಪೇಜು ನಡೆಸುತ್ತಾಳೆ, ಕಂಡದ್ದನ್ನೆಲ್ಲ ಅದಕ್ಕೆ ಹಾಕುತ್ತಾಳೆ. ಮುಕ್ಕಾಲು ತಾಸು ನಿಂತು ಮಾತಾಡಿದೆವು. ಡ್ರಮ್ಮರ್ ಬದಲಾದ ಮೇಲೆ ಕೆಟ್ಟಿತು ಎಂದಳು. ಇಲ್ಲ, ಆಮೇಲೆಯೇ ಚಲೋ ಆಯಿತು ಎಂದೆ. ಜಗಳವಾಡಿದೆವು! ಮಿರ್ಚಿ ಸೀದು ಕರ್ರಗಾಯಿತು. ಅಷ್ಟು ಖುಷಿ ನನಗೆ ಯಾವಾಗ ಆಗಿತ್ತೋ ನೆನಪಿಲ್ಲ.

"ಐದಕ್ಕ ಮುಂದಿನ ಸಾಲಿನ್ಯಾಗ ನಿಮಗೊಂದು ಜಾಗ ಹಿಡಿದಿರ್ತೀನಿ. ಬರಬೇಕು ಮತ್ತ!"

ನಲವತ್ತಾರು ವರ್ಷಕ್ಕೆ ಮೊದಲ ಸಲ ಯಾರೋ ನನಗೆಂದು ಜಾಗ ಹಿಡಿಯುವವರಿದ್ದರು. ಕಣ್ಣಿಗೆ ಹೊಗೆ ಹೊಡೆದವನಂತೆ ಆ ಕಡೆ ತಿರುಗಿದೆ.

ನಾಲ್ಕಕ್ಕೆ ನೀರು ಖಾಲಿ. ಕೊಡ ಹಿಡಿದು ವೇದಿಕೆ ಹಿಂದಿನ ಟ್ಯಾಂಕರ್ ಕಡೆ ಹೋದೆ.

ಅಲ್ಲೊಂದು ಸಣ್ಣ ಟೆಂಟು. ಬಾಗಿಲಲ್ಲಿ ಒಂದು ಜೊತೆ ಟೈರ್ ಚಪ್ಪಲಿ. ಒಪ್ಪವಾಗಿ ಬಿಟ್ಟಿದ್ದರು.

ನಾನು ಗಕ್ಕನೆ ನಿಂತೆ.

ನೋಡ್ರಿ, ಇಡೀ ಬಯಲಿನ ತುಂಬ ನೆಗ್ಗಿಲಮುಳ್ಳು. ಬಂದವರೆಲ್ಲ ಬೂಟಿನವರು. ಆ ನೆಲದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗುವವನು ಯಾರು? ಹುಚ್ಚ ಇರಬೇಕು. ಇಲ್ಲವೇ ಒಳಗೆ ದೇವರಿರಬೇಕು!

ಪರದೆ ಸರಿಸಿದೆ.

ಬೀರಪ್ಪನ ಟಗರು! ಕೊರಳಿಗೆ ಚೈನು. ಕೊಂಬಿಗೆ ಬೆಳ್ಳಿ ಬಣ್ಣ. ಅದರ ಮುಂದೆ ಬರಿಗಾಲಲ್ಲಿ ಒಬ್ಬ ಹುಲ್ಲು ಹಿಡಿದು ನಿಂತಿದ್ದ. ತಿಪ್ಪೇರುದ್ರಮ್ಮನ ಮೈದುನ. ಒಂದೇ ಮನೆಯವನು! ಅಂಜಿನಿ ಎಂದಿಟ್ಟುಕೊಳ್ಳಿ. ಅತ್ತಿಗೆ-ಮೈದುನರ ನಿಜವಾದ ಹೆಸರು ನಿಮಗೆ ಹೇಳುವುದಿಲ್ಲ.

"ಕದಿಯೋವಾಗ ನಡುಗ್ಲಿಲ್ಲ. ಚಪ್ಪಲಿ ಮೆಟ್ಟಾಕ ಮಾತ್ರ ನಡುಗಿದೇನಲೇ?"

ಅವನು ಕುಸಿದು ಕೂತ. "ಅಣ್ಣಾ... ಒಂದ ದಿನಕ್ಕ ಅಂದ್ರಣ್ಣಾ! ಗುರುಶಾಂತಪ್ಪಾರು ಬೈಕ್ ಕೊಡಸ್ತೀನಿ ಅಂದ್ರು. ಶೋ ಮುಗದ ಮ್ಯಾಲ ತಂದು ಬಿಡ್ತೀವಿ ಅಂದ್ರು!"

ಗುರುಶಾಂತ ಹರಪನಹಳ್ಳಿಯ ಶಾಮಿಯಾನ ಕಂಟ್ರಾಕ್ಟರ್. ಬ್ಯಾಂಡು ಬರುವಾಗ ಹೊಗೆ, ಪಟಾಕಿ ನಡುವೆ ವೇದಿಕೆ ಮೇಲೆ ದೊಡ್ಡ ಕೊಂಬಿನ ಟಗರು ನಡೆಸುತ್ತೇನೆ ಎಂದು ಮೇಳ ನಡೆಸುವವರಿಗೆ ಮಾತು ಕೊಟ್ಟಿದ್ದ. ಮಾರುವ ಟಗರಿಗೆ ಅಂಥ ಕೊಂಬು ಬೆಳೆಯುವುದಿಲ್ಲ, ಅಷ್ಟು ವರ್ಷ ಅದನ್ನು ಯಾರೂ ಉಳಿಸುವುದಿಲ್ಲ. ಉಳಿಯುವುದು ದೇವರ ಟಗರು ಒಂದೇ.

"ಹೊರಗ ಕಟುಕರ ಜಾಲರಿ ಗಾಡಿ ನಿಂತೈತಿ, ನೋಡಿಯೇನು? ಶೋ ಮುಗದ ಮ್ಯಾಲ ಇದು ಡಾಬಾಕ್ಕ ಹೋಗ್ತತಿ. ನಿಮ್ಮ ಹಟ್ಟಿಗಲ್ಲ."

ಅಂಜಿನಿಯ ಮುಖ ಬೂದಿಯಾಯಿತು. ನನ್ನ ಕಾಲು ಹಿಡಿದ. "ಯಾರ ಮುಂದೂ ಅನಬ್ಯಾಡಣ್ಣ. ನನ್ನ ಹೆಸರು ಬಂದ್ರ ಅತ್ತಿಗಿನೂ ಹೊರಗ ಹಾಕ್ತಾರ. ಒಂದ ಮನಿ, ಒಂದ ಒಲಿ!"

ಖರೆ ಹೇಳುತ್ತೇನೆ. ಒಂದು ಕ್ಷಣ ಹೊರಗಿನ ಡ್ರಮ್ಮಿನ ಸದ್ದು ಕೇಳಿದೆ. ಚೆಕ್ ಮಾಡುತ್ತಿದ್ದರು. ಇನ್ನೊಂದು ತಾಸು ಸುಮ್ಮನಿದ್ದರೆ ಮುಂದಿನ ಸಾಲು ನನ್ನದು. ಆದರೆ ಆ ಹೆಣ್ಣುಮಗಳು ಸೀಳಿಟ್ಟ ಮೆಣಸಿನಕಾಯಿ ಇನ್ನೂ ಒಂದು ಬುಟ್ಟಿ ಉಳಿದಿತ್ತು. ಅದನ್ನು ಕರಿದು ತಿನ್ನಿಸುವ ಗುಂಡಿಗೆ ನನಗಿಲ್ಲ.

"ಚೈನು ಬಿಚ್ಚಲೇ. ನನ್ನ ಆಟೋಕ್ಕ ಹತ್ತಿಸು. ಆಮ್ಯಾಲ ಬಾಯಿ ಮುಚ್ಕಂಡು ಹಟ್ಟಿಗೆ ಹೋಗು."

ಹತ್ತಿಸಿದ. ಹೆಸರಿಗೊಂದು ಹಗ್ಗ ಬಿಗಿದು ಕಣ್ಮರೆಯಾದ. ಕೀಲಿ ತಿರುಗಿಸಿದೆ... ಅಷ್ಟರಲ್ಲಿ ನನ್ನ ಕಾಲರ್‌ಗೆ ಕೈ ಬಿತ್ತು!

ಅಲ್ಲಿಗೇ ಬಂದೆವು ನೋಡ್ರಿ.

ಬೌನ್ಸರ್‌ಗಳ ಹಿಂದಿನಿಂದ ಗುರುಶಾಂತ ಬಂದ. ಬಿಳಿ ಶರ್ಟು, ನಗುಮುಖ.

"ಪಾಲಾಕ್ಷಪ್ಪ, ಮಿರ್ಚಿ ಮಾರೋನು ಮಿರ್ಚಿ ಮಾರ್ಬೇಕು. ಇಲ್ಲಾಂದ್ರೆ ಅದೇ ಎಣ್ಣೆಗೆ ಅದ್ದಿಸಿಬಿಡ್ತೀನಿ ನಿನ್ನ."

"ಬೀರಪ್ಪನ ಮಾಲು ಇದು. ಅವನ್ನ ಕೇಳಿದಿಯೇನು?"

ಅವನ ನಗು ಹೋಯಿತು. "ಏ, ಬಿಚ್ಚು ಅದನ್ನ!"

ಗೂಟದವನು ಹಿಂದೆ ಹೋದ. ಬೇರೆ ಊರಿನವನು, ಪಾಪ. ನಮ್ಮ ಕಡೆ ನಡೆಯಲು ಬಂದ ಕೂಸಿಗೂ ಗೊತ್ತು, ಟಗರಿನ ಮುಂದೆ ತಲೆ ಬಗ್ಗಿಸಬಾರದು. ಬಗ್ಗಿಸಿದರೆ ಅದು ಕುಸ್ತಿಗೆ ಕರೆದ ಲೆಕ್ಕ.

ಹಗ್ಗ ಬಿಚ್ಚಲು ಅವನು ತಲೆ ಬಗ್ಗಿಸಿದ.

ಢಬ್!

ಗೂಟ ಒಂದು ಕಡೆ, ಅವನು ಒಂದು ಕಡೆ! ಕಾಲರ್ ಹಿಡಿದಿದ್ದವನು ಬೆಚ್ಚಿ ಆ ಕಡೆ ತಿರುಗಿದ. ಅವನ ಮಣಿಕಟ್ಟಿಗೆ ಹಲ್ಲು ಊರಿದೆ. ಕೈ ಬಿಟ್ಟ. ಆಕ್ಸಿಲರೇಟರ್ ತಿರುವಿದೆ. ಕಂಪೌಂಡಿನ ತಗಡು ಹರಿದುಕೊಂಡು ಆಟೋ ಹೊರಗೆ ಹಾರಿತು.

ಹಿಂದೆ ಜೀಪಿನ ಹಾರ್ನ್.

ಹೆದ್ದಾರಿಯಲ್ಲಿ ಜೀಪಿನ ಮುಂದೆ ಲಗೇಜ್ ಆಟೋ ಎಷ್ಟು ಹೊತ್ತು? ಆರು ಕಿಲೋಮೀಟರ್ ಲಾರಿಗಳ ನಡುವೆ ನುಸುಳಿ ಬಂಡಿ ದಾರಿಗೆ ಇಳಿಸಿದೆ. ಧೂಳು... ಕಲ್ಲು... ಕಡಲೆಹಿಟ್ಟಿನ ಚೀಲ ಒಡೆದು ಟಗರಿನ ಮೈಯೆಲ್ಲ ಹಳದಿ! ಜೀಪು ಹತ್ತಿರ ಬಂತು. ಇನ್ನೂ ಹತ್ತಿರ. ಹಿಂದಿನ ಬಂಪರಿಗೆ ಒಮ್ಮೆ ಗುದ್ದಿತು. ಆಟೋ ಒಂದು ಗಾಲಿ ಎತ್ತಿ ಮತ್ತೆ ನೆಲಕ್ಕಿಟ್ಟಿತು.

ತಿರುವಿನಲ್ಲಿ ಕುರಿ ಹಿಂಡು. ಮುನ್ನೂರಕ್ಕೆ ಕಡಿಮೆ ಇರಲಿಲ್ಲ. ದಾರಿ ಪೂರಾ ಬಂದ್!

ಹೋಯಿತು ಅಂದುಕೊಂಡೆ.

ಕುರಿ ಕಾಯುವ ಮುದುಕ ನನ್ನನ್ನು ನೋಡಲಿಲ್ಲ. ಹಿಂದಿದ್ದ ಕೊಂಬು ನೋಡಿದ. ಕಾಲ ಕೆರ ಬಿಟ್ಟು ಕೈ ಮುಗಿದ. ಬಾಯಲ್ಲಿ ಏನೋ ಸದ್ದು ಮಾಡಿದ, ಹಿಂಡು ಎರಡು ಪಾಲಾಯಿತು. ನಾನು ದಾಟಿದೆ. ಇನ್ನೊಂದು ಸದ್ದು ಮಾಡಿದ, ಹಿಂಡು ಮತ್ತೆ ಕೂಡಿತು. ಆಮೇಲೆ ಆ ಪುಣ್ಯಾತ್ಮ ದಾರಿ ನಡುವೆ ಕೂತು ಬೀಡಿ ಹಚ್ಚಿದ. ಗುರುಶಾಂತನ ಹಾರ್ನು ಬಡಕೊಂಡಿತು, ಬಡಕೊಂಡಿತು, ಕಡೆಗೆ ಕೇಳದಂತಾಯಿತು.

ಹಟ್ಟಿ ಮುಟ್ಟಿದಾಗ ಐದಕ್ಕೆ ಎರಡು ನಿಮಿಷ. ಗುಡಿಕಟ್ಟೆ ಮೇಲೆ ಹಿರಿಯರು. ಕೆಳಗೆ ತಿಪ್ಪೇರುದ್ರಮ್ಮ ಒಬ್ಬಳೇ. ಅವಳ ಪಕ್ಕ ನಿಲ್ಲಲು ಯಾರೂ ಇರಲಿಲ್ಲ. ಅದು ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು.

ಟಗರು ಹೆಸರಿಗಿದ್ದ ಹಗ್ಗ ಕಿತ್ತುಕೊಂಡು ತಾನೇ ಜಿಗಿದು ನಡೆದುಹೋಗಿ ಗುಡಿ ಬಾಗಿಲಲ್ಲಿ ಮಲಗಿತು.

ಹಿರಿಯ ಓಬಳೇಶಪ್ಪ ನನ್ನ ಕಡೆ ನೋಡಿದ. "ಎಲ್ಲಿತ್ತು?"

"ಬೀರಪ್ಪನ ಟಗರು ಎಲ್ಲಿಗೆ ಹೋಗಿತ್ತು ಅಂತ ಕೇಳಾಕ ನೀವ್ಯಾರ್ರಿ, ನಾನ್ಯಾರು?"

"ಕೊಂಬಿಗೆ ಬಣ್ಣ ಯಾರು ಬಳದ್ರು?"

"ಯಾರೋ ಭಕ್ತರು ಇರಬೇಕು ಬಿಡ್ರಿ ಯಜಮಾನ್ರ."

ಓಬಳೇಶಪ್ಪ ಕೊಂಬಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಕಟ್ಟೆ ಇಳಿದು, "ಏಳವ್ವ, ಮನಿಗೆ ನಡಿ," ಎಂದ. ಹೆಂಗಸರು ಓಡಿ ಬಂದು ತಿಪ್ಪೇರುದ್ರಮ್ಮನನ್ನು ತಬ್ಬಿಕೊಂಡರು. ಆಗ ಅತ್ತಳು.

"ಉಂಡು ಹೋಗಣ್ಣಾ."

"ಇಲ್ಲವ್ವ. ಒಬ್ರು ಜಾಗ ಹಿಡದಾರ."

ಗುರುಶಾಂತನ ಕಣ್ಣಿಗೆ ಬೀಳದಂತೆ ಬೇರೆ ದಾರಿ ಹಿಡಿದು ಹಾರಿಸಿಕೊಂಡು ಬಂದೆ. ಆದರೂ ಆರಾಯಿತು. ಗೇಟಿನಿಂದ ಜನ ಹೊರಗೆ ಬರುತ್ತಿದ್ದರು, ಬೆವರಿ, ಗಂಟಲು ಕಟ್ಟಿಸಿಕೊಂಡು, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು.

ಕ್ರಾಂತಿ ಎದುರಾದಳು. ಕಣ್ಣು ಕೆಂಪಗಿತ್ತು.

"ಯಾಕ ಬರ್ಲಿಲ್ಲ ಅಂಕಲ್? ನಾಕು ಮಂದಿ ಕೂಡ ಜಗಳ ಆಡಿ ಜಾಗ ಹಿಡಿದಿದ್ದೆ! ಏನೋ ಟಗರು ಬರಬೇಕಿತ್ತಂತ, ಬರ್ಲಿಲ್ಲಂತ. ಆ ಟೈಮ್ ತುಂಬಸಾಕ ಆ ಉದ್ದನ್ನ ಹಾಡು ಬಾರಿಸಿದ್ರು!"

ಹದಿನಾಲ್ಕು ನಿಮಿಷದ ಹಾಡು ಅದು. ಅವತ್ತಿನವರೆಗೆ ವೇದಿಕೆ ಮೇಲೆ ಅವರು ಒಮ್ಮೆಯೂ ನುಡಿಸಿದ್ದಿಲ್ಲ. ನನ್ನ ಲಾರಿಯ ಕ್ಯಾಸೆಟ್ಟಿನಲ್ಲಿ ಟೇಪು ಸವೆದು ಹರಿದದ್ದು ಅದೇ ಹಾಡಿನಲ್ಲಿ.

ಬಾಯಿಗೆ ಬಂತು. ಎಲ್ಲಾ ಹೇಳಿಬಿಡಬೇಕು ಅನ್ನಿಸಿತು. ಆದರೆ ಅವಳ ಕೈಯಲ್ಲಿ ಫೋನಿತ್ತು, ಕ್ಯಾಮೆರಾ ಆನ್ ಇತ್ತು. ಆ ಪೇಜಿಗೆ ಬಿದ್ದರೆ ನಾಳೆ ಹಟ್ಟಿಯವರೆಗೂ ಹೋಗುತ್ತದೆ. ಕದ್ದವನು ಯಾವ ಮನೆಯವನು ಎಂದು ಹುಡುಕುತ್ತಾರೆ. ಒಂದೇ ಮನೆ, ಒಂದೇ ಒಲೆ.

"ಗಿರಾಕಿ ಇದ್ರವ್ವ," ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವೂ ಬರೇ ವ್ಯಾಪಾರದವ್ರು ಬಿಡ್ರಿ."

ಹೋದಳು. ತಿರುಗಿ ನೋಡಲಿಲ್ಲ. ನಾನು ಕರೆಯಲಿಲ್ಲ. ಎದೆ ಉರಿಯಿತು ಸ್ವಾಮಿ, ಸುಳ್ಳು ಯಾಕೆ ಹೇಳಲಿ.

ಆದರೂ ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಿರಾಕಿ ಒಬ್ಬ ಇದ್ದ. ನಾಲ್ಕು ಕಾಲು, ಎರಡು ಕೊಂಬು... ನನ್ನ ಕಡಲೆಹಿಟ್ಟು ಪೂರಾ ನೆಕ್ಕಿದ ಕಳ್ಳ, ಬಿಲ್ಲೂ ಕೊಡದೆ ಇಳಿದುಹೋಗಿದ್ದ!