ಪೇಂಟರ್ ಕೊಟ್ಟ ಉತ್ತರ

ನಾನು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವವಳು. ಆ ಮಧ್ಯಾಹ್ನ ಏಣಿಯಿಂದ ಬಿದ್ದ ಪೇಂಟರ್ ಒಬ್ಬನನ್ನು ಅವನ ಹೆಂಡತಿ ಬಲವಂತವಾಗಿ ಕರೆತಂದಿದ್ದಳು. ಬಿದ್ದಾಗ ಒಂದು ನಿಮಿಷ ಎಚ್ಚರ ತಪ್ಪಿತ್ತಂತೆ. ಈಗ ನಗುತ್ತ, ನಡೆದುಕೊಂಡೇ ಒಳಗೆ ಬಂದ.

ಅವನನ್ನು ಯಂತ್ರದಲ್ಲಿ ಮಲಗಿಸಿ, ಗಾಜಿನಾಚೆ ಕೂತು ಮೈಕಿನ ಗುಂಡಿಗೆ ಕೈ ಚಾಚಿದೆ. ಒತ್ತುವ ಮೊದಲೇ ಅವನ ದನಿ ಬಂತು: "ಇಲ್ಲ ಅಕ್ಕಾ, ವಾಂತಿ ಬರ್ತಿಲ್ಲ." ನಾನು ಕೇಳಬೇಕೆಂದಿದ್ದುದು ಅದನ್ನೇ. ನೋವು ಯಾವ ಕಡೆ ಎಂದು ಕೇಳಲು ಬಾಯಿ ತೆರೆದೆ. "ಎಡಗಡೆ," ಎಂದ. ಗುಂಡಿಯನ್ನು ನಾನಿನ್ನೂ ಒತ್ತಿರಲೇ ಇಲ್ಲ.

ಚಿತ್ರ ಮೂಡಿತು. ಎಡಗಡೆ ತಲೆಬುರುಡೆಗೂ ಮಿದುಳಿಗೂ ನಡುವೆ ರಕ್ತ ತುಂಬಿ, ಮಿದುಳನ್ನು ಪಕ್ಕಕ್ಕೆ ಒತ್ತಿತ್ತು.

"ಮೊದಮೊದಲು ಚೆನ್ನಾಗೇ ಇರ್ತಾರಮ್ಮ, ಅದೇ ಮೋಸ. ಬೇಗ ಆಪರೇಷನ್‌ಗೆ ಕರ್ಕೊಂಡು ಹೋಗಿ!" ಎಂದು ನನ್ನ ಪಕ್ಕಕ್ಕೆ ಬಂದು ಚಿತ್ರ ನೋಡಿದ ಡಾಕ್ಟರ್ ಕೂಗಿದರು.

ಸ್ಟ್ರೆಚರ್ ತಳ್ಳುವಾಗ ಅವನ ಕಣ್ಣುಗಳು ಮುಚ್ಚುತ್ತಿದ್ದವು. ಆದರೂ ನನ್ನ ಕಡೆ ತಿರುಗಿ, "ನಾನೇ ಅಕ್ಕಾ, ಬಂದಿರೋದು," ಎಂದು ಸ್ಪಷ್ಟವಾಗಿ ಹೇಳಿದ. ನಾನು ಏನನ್ನೂ ಕೇಳಿರಲಿಲ್ಲ, ಕೇಳುವ ಯೋಚನೆಯೂ ಇರಲಿಲ್ಲ. ಆಪರೇಷನ್ ಮುಗಿಯುವ ಮೊದಲೇ ಅವನು ತೀರಿಕೊಂಡ.

ಎರಡು ವರ್ಷವಾಯಿತು. ಮನೆಯ ಬಾಗಿಲು ತಟ್ಟಿದರೆ "ಯಾರು?" ಎಂದು ನಾನು ಇಂದಿಗೂ ಕೇಳುವುದಿಲ್ಲ.