ಸತ್ತವನ ಸೊನ್ನೆ

ಗದ್ದೆಪ್ಪನಿಗೆ ಸ್ವಂತ ಕಂಪ್ಯೂಟರ್ ಇರಲಿಲ್ಲ. ಲಿನಕ್ಸ್ ಎಂಬ ತಂತ್ರಾಂಶದ ಪರದೆಯ ಪದಗಳನ್ನು ಅವನು ಕನ್ನಡಕ್ಕೆ ತಂದದ್ದು ಬೇರೆಯವರ ಮೂರು ಯಂತ್ರಗಳ ಮೇಲೆ. ಒಂದು ರಾಯಚೂರಿನಲ್ಲಿ ಜಾಹೆದಾ ಆಪಾಳ ಟೈಪಿಂಗ್ ಶಾಲೆಯದು, ಒಂದು ದೇವದುರ್ಗದಲ್ಲಿ ಉದಯಕುಮಾರನ ಝೆರಾಕ್ಸ್ ಅಂಗಡಿಯದು, ಇನ್ನೊಂದು ಮಾನ್ವಿಯಲ್ಲಿ ಮರಿಸ್ವಾಮಿಯವರ ಡಿಟಿಪಿ ಅಂಗಡಿಯದು. ಕಳೆದ ನವೆಂಬರಿನಲ್ಲಿ ಕಾಮಾಲೆಯಾಗಿ ಸತ್ತ. ಈ ಜೂನಿನಲ್ಲಿ ಅವನ ಹೆಸರಿನಲ್ಲಿ ಮತ್ತೆ ಕೆಲಸ ಶುರುವಾಯಿತು.

ಜುಲೈನ ಒಂದು ಸೋಮವಾರ ಅವನ ತಾಯಿ ಸೂಗಮ್ಮ ಮಸರಕಲ್‌ನಿಂದ ಬಸ್ಸು ಹಿಡಿದು ಟೈಪಿಂಗ್ ಶಾಲೆಗೆ ಬಂದಳು. ಕುರ್ಚಿ ತೋರಿಸಿದೆ. ಕೂಡಲಿಲ್ಲ.

"ನನ್ನ ಮಗ ತಾ ಬರದದ್ದನ್ನ ತಾನ ಅಳಸಾಕತ್ಯಾನ," ಎಂದಳು. "ಅವಗ ಏನು ಸಿಟ್ಟು ಬಂದದ, ಕೇಳಿ ಹೇಳ್ರಿ."

ಆಪಾ ಟೈಪಿಂಗ್ ಕಲಿಸುತ್ತ ಮೂವತ್ತು ವರ್ಷ ಕಳೆದವಳು. ಹೆಸರಿಲ್ಲದ ಪತ್ರ ಸಿಕ್ಕರೆ ಪೊಲೀಸರೂ ಅವಳ ಬಾಗಿಲಿಗೆ ಬರುತ್ತಿದ್ದರು. ಅಕ್ಷರ ನೋಡಿ ಬೆರಳು ಯಾರದೆಂದು ಹೇಳುತ್ತಿದ್ದಳು. ನಾನು ದುರ್ಗಾ, ಹಾಸ್ಟೆಲ್ ಹುಡುಗಿ. ಮಧ್ಯಾಹ್ನ ಅವಳ ಹಳೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ.

ಅಂಥ ಎರಡು ಯಂತ್ರಗಳನ್ನು ಗದ್ದೆಪ್ಪ ತನ್ನೂರಿಗೆ ಒಯ್ದು, ಲಿನಕ್ಸ್ ಹಾಕಿ, ಹೆಂಗಸರಿಗೆ ಓದು ಕಲಿಸಿದ್ದ. ಲಿನಕ್ಸ್ ಯಾರದೂ ಸ್ವತ್ತಲ್ಲ. ಯಾರು ಬೇಕಾದರೂ ಅದಕ್ಕೆ ಕೆಲಸ ಮಾಡಬಹುದು, ಯಾರು ಬೇಕಾದರೂ ಬಳಸಬಹುದು. ಸೂಗಮ್ಮ ಐವತ್ತನೆಯ ವಯಸ್ಸಿನಲ್ಲಿ ಅಕ್ಷರ ಕಲಿತದ್ದು ಮಗನ ಪದಗಳಿಂದಲೇ. ಅವನು ಸತ್ತ ಮೇಲೂ ಅನುವಾದದ ಜಾಲತಾಣದಲ್ಲಿ ಅವನ ಪದಗಳ ಪುಟವನ್ನು ದಿನಾ ತೆಗೆದು ಓದುತ್ತಿದ್ದಳು. ಕಡತಗಳ ಜಾಗ 'ಮನಿ'. ಬೇಡವಾದದ್ದನ್ನು ಎಸೆಯುವ ಜಾಗ 'ತಿಪ್ಪಿ'. ಖಾತೆಯಿಂದ ಹೊರಬರಲು ಒತ್ತುವ ಗುಂಡಿ 'ಹೋಗಿ ಬರ್ತೀನಿ'. ನಮ್ಮಲ್ಲಿ ಯಾರೂ ಹೋಗುತ್ತೇನೆ ಎಂದಷ್ಟೇ ಹೇಳಿ ಏಳುವುದಿಲ್ಲ.

ಈಗ ಆ ಪುಟದಲ್ಲಿ ಮನಿ ಇದ್ದಲ್ಲಿ 'ಗೃಹ ಸಂಚಯ', ತಿಪ್ಪಿ ಇದ್ದಲ್ಲಿ 'ತ್ಯಾಜ್ಯ ಸಂಗ್ರಹ', ಹೋಗಿ ಬರ್ತೀನಿ ಇದ್ದಲ್ಲಿ 'ನಿರ್ಗಮನ' ಬಂದಿತ್ತು. ಯಾರು ಯಾವಾಗ ಏನು ಬದಲಿಸಿದರೆಂಬ ದಾಖಲೆ ಈ ಕೆಲಸದಲ್ಲಿ ಎಲ್ಲರಿಗೂ ತೆರೆದಿರುತ್ತದೆ. ತೆಗೆದು ನೋಡಿದೆ. ಇನ್ನೂರ ಹದಿನಾರು ಬದಲಾವಣೆ, ಎಲ್ಲದರ ಎದುರೂ ಗದ್ದೆಪ್ಪನ ಹೆಸರು. ಹೊತ್ತು ಯಾವಾಗಲೂ ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ. ನಾನು ಇಪ್ಪತ್ತು ಪದ ಮರಳಿ ಹಾಕಿದೆ. ಮರುದಿನ ಅದೇ ಹೊತ್ತಿಗೆ ಅವನ ಹೆಸರು ಇಪ್ಪತ್ತನ್ನೂ ಅಳಿಸಿತು.

"ಸಂಗ್ರಹ ಅಂತ ಎಷ್ಟು ಕಡಿ ಅದ, ಹುಡುಕು," ಎಂದಳು ಆಪಾ.

ಹುಡುಕಿದೆ. ಒಂದೂ ಇಲ್ಲವೆಂದಿತು. ಪದ ಕಣ್ಣೆದುರೇ ಇತ್ತು. ಮತ್ತೆ ಹುಡುಕಿದೆ, ಮತ್ತೆ ಇಲ್ಲ. ನಾನು ದೆವ್ವ ನಂಬುವವಳಲ್ಲ. ಆದರೂ ಕುರ್ಚಿ ಹಿಂದಕ್ಕೆ ಸರಿಸಿದೆ.

ಆಪಾ ಅಕ್ಷರಗಳನ್ನು ಅಂಗೈಯಷ್ಟು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು.

ಕನ್ನಡ ಅನುವಾದ ಗುಂಪಿನ ಮುಖ್ಯಸ್ಥ ಕೊಟ್ರೇಶ, ರಾಯಚೂರಿನಲ್ಲಿ ಉಪನ್ಯಾಸಕ. ಗದ್ದೆಪ್ಪನ ಪದಗಳ ಮೇಲೆ ಅವನು ಜಗಳ ತೆಗೆದದ್ದು ಎಲ್ಲರಿಗೂ ಗೊತ್ತಿತ್ತು. ಅವನ ಹತ್ತಿರವೇ ಮೊದಲು ಹೋದೆವು.

"ತಿಪ್ಪಿ ಬ್ಯಾಡ ಅಂದಿದ್ದೆ, ಖರೆ. ಬದಲ ಮಾಡಬೇಕಂದ್ರ ನನ್ನ ಹೆಸರಿಲೇ ಮಾಡ್ತೀನಿ, ಹೆಣದ ಹಿಂದ ಯಾಕ ಅಡಗಲಿ?" ಎಂದ. "ಶುಕ್ರವಾರ ಪದಗಳಿಗೆ ಬೀಗ ಬೀಳ್ತದ, ಆಮ್ಯಾಲೆ ಇವ ಎಲ್ಲಾರ ಕಂಪ್ಯೂಟರಿಗೂ ಹೋಗ್ತಾವ. ಅಷ್ಟರಾಗ ಕೈ ಯಾರದು ಅಂತ ಹೇಳ್ರಿ. ಇಲ್ಲಂದ್ರ ಖಾತೆ ಮುಚ್ಚತೀನಿ. ಖಾತೆ ಹೋದ್ರ ಅವನ ಹೆಸ್ರೂ ಹೋಗ್ತದ."

ಸೂಗಮ್ಮನಿಗೆ ಉಳಿದಿದ್ದದ್ದೇ ಆ ಹೆಸರು.

ದೇವದುರ್ಗದ ಉದಯಕುಮಾರ ಫೋನಿಗೆ ಮಾತಾಡಿ ಅದರಿಂದಲೇ ಅರ್ಜಿ ಬರೆಸುತ್ತಿದ್ದ. "ಕೀಲಿಮಣಿ ಮುಟ್ಟಿ ವರ್ಷ ಆತ್ರೀ ಆಪಾ," ಎಂದ.

"ಬಾಯಿ ಇದ್ದವಗ ಬೆರಳ್ಯಾಕ," ಎಂದಳು ಆಪಾ.

ಮಾನ್ವಿಯಲ್ಲಿ ಮರಿಸ್ವಾಮಿಯವರ ಅಂಗಡಿ ತಾಲ್ಲೂಕು ಕಚೇರಿಯ ಎದುರಿಗೆ. ಅದೇ ಕಚೇರಿಯಲ್ಲಿ ಟೈಪಿಸ್ಟಾಗಿದ್ದು ನಿವೃತ್ತರಾದವರು. ನಮಗೆ ಚಹಾ ತರಿಸಿದರು. ಮೂಲೆಯ ಕುರ್ಚಿಯಲ್ಲಿ ಮಾತ್ರ ಕೂಡಗೊಡಲಿಲ್ಲ.

"ಅದು ಗದ್ದೆಪ್ಪಂದು, ತಂಗಿ. ಬಂಗಾರದಂಥಾ ಹುಡುಗ. ಯಾರರೆ ಅವಗ ಭಾಷಾ ಒಂದೀಟು ತಿದ್ದಿ ಕೊಟ್ಟಿದ್ರ..." ಅಷ್ಟಕ್ಕೇ ನಿಲ್ಲಿಸಿ, ಯಂತ್ರದಲ್ಲಿ ಗಿರಾಕಿಯ ಕಾಗದ ಹುಡುಕಿಕೊಡಲು ನನಗೆ ಹೇಳಿದರು. ಹೆಸರು ಹೊಡೆದು ಹುಡುಕಿದೆ, ಸಿಗಲಿಲ್ಲ. "ಗಂಗಮ್ಮ ಅಂತ ನಾನ ಹೊಡದೀನಿ, ನಿನಗ ಹುಡುಕಿ ಕೊಡವಲ್ದು. ಕುರುಡು ಯಂತ್ರ."

"ಟೈಪು ಎಲ್ಲಿ ಕಲತ್ರಿ, ಸ್ವಾಮೇರ?" ಎಂದಳು ಆಪಾ.

"ಇಲ್ಲೇ, ಹಳೇ ಕನ್ನಡ ಮಷೀನಿನ ಮ್ಯಾಲೆ."

ಗುರುವಾರ ಆಪಾ ಕೊಟ್ರೇಶ, ಉದಯಕುಮಾರ, ಮರಿಸ್ವಾಮಿ ಮೂವರನ್ನೂ ಟೈಪಿಂಗ್ ಶಾಲೆಗೆ ಕರೆಸಿದಳು. ಸೂಗಮ್ಮ ಬಾಗಿಲ ಹತ್ತಿರ ಕೂತಿದ್ದಳು. ಮೂರು ಯಂತ್ರಗಳ ಮುಂದೆ ಮೂವರು.

"ಒಂದು ಸಾಲು ಹೊಡೀರಿ. ಗಂಗಮ್ಮ ಸಂತಿಗೆ ಹೋದಳು."

ಉದಯಕುಮಾರ ಒಂದೇ ಬೆರಳಿನಲ್ಲಿ ಹೊಡೆದ. ಮುಗಿದ ಮೇಲೆ ಆಪಾ ಮೂರರಲ್ಲೂ 'ಸಂತಿ' ಎಂದು ಹುಡುಕಿದಳು. ಎರಡರಲ್ಲಿ ಸಿಕ್ಕಿತು. ಮರಿಸ್ವಾಮಿಯವರ ಯಂತ್ರ ಇಲ್ಲವೆಂದಿತು.

"ಕನ್ನಡದಾಗ ಸೊನ್ನಿ ಎರಡು," ಎಂದಳು ಆಪಾ. "ಒಂದು ಲೆಕ್ಕದ್ದು, ಒಂದು ಅಕ್ಷರದ ಮಗ್ಗಲಿಂದು. ಹಳೇ ಟೈಪ್‌ರೈಟರಿನ್ಯಾಗ ಎರಡಕ್ಕೂ ಒಂದ ಕೀಲಿ. ಆ ಮಷೀನಿನ್ಯಾಗ ಕಲತವರ ಬೆರಳು ಇವತ್ತಿಗೂ ಲೆಕ್ಕದ ಸೊನ್ನಿಗೇ ಹೋಗ್ತದ. ನೋಡೂ ಕಣ್ಣಿಗೆ ಫರಕಿಲ್ಲ. ಕಂಪ್ಯೂಟರಿಗೆ ಅದು ಬ್ಯಾರೆ ಗುರುತು, ಅದಕ್ಕ ಹುಡುಕಿದ್ರ ಸಿಗಂಗಿಲ್ಲ. ಸಂಗ್ರಹ, ಸಂಚಯ, ಎಲ್ಲಾದ್ರಾಗೂ ಲೆಕ್ಕದ ಸೊನ್ನಿ ಅದ. ಗದ್ದೆಪ್ಪ ಟೈಪ್‌ರೈಟರ್ ಮುಟ್ಟಿದವ ಅಲ್ಲ. ಕೊಟ್ರೇಶಂದೂ ಉದಯಂದೂ ಸೊನ್ನಿ ಸರಿ ಅದ. ಒಂದೂವರಿಯಿಂದ ಎರಡೂವರಿ ಅಂದ್ರ ತಾಲ್ಲೂಕು ಕಚೇರಿ ಊಟದ ಹೊತ್ತು, ಎದುರಿನ ಅಂಗಡಿಗೆ ಗಿರಾಕಿ ಇರಂಗಿಲ್ಲ. ಅಲ್ಲೇನ್ರೀ ಸ್ವಾಮೇರ?"

ಮರಿಸ್ವಾಮಿಯವರು ಕೀಲಿಮಣಿಯಿಂದ ಕೈ ತೆಗೆದರು.

"ಅವನ ಗುಪ್ತಪದ ನಿಮಗ ಹೆಂಗ ಸಿಕ್ತು?" ಎಂದ ಕೊಟ್ರೇಶ.

"ಗುಪ್ತಪದ ಯಾಕ ಬೇಕು?" ಎಂದಳು ಆಪಾ. "ಕಡೀ ದಿನ ಅವ ಇವರ ಅಂಗಡ್ಯಾಗ ಕುಂತಿದ್ದ. ಹೊಂಡುವಾಗ ಇವರಿಗೆ ಹೋಗಿ ಬರ್ತೀನಿ ಅಂದಿರಬೇಕು. ಯಂತ್ರದ ಮ್ಯಾಲೆ ಅದನ್ನ ಒತ್ತಲಿಲ್ಲ."

"ಸಂಜಿ ಬಸ್ಸಿಗೆ ಓಡಿದ," ಎಂದರು ಮರಿಸ್ವಾಮಿ. "ಬಾಗಿಲದಾಗ ನಿಂತು ಅಂದು ಹೋದ. ಏಳು ತಿಂಗಳು ಆ ಯಂತ್ರ ಮುಟ್ಟಲಿಲ್ಲ ನಾ. ಜೂನಿನ್ಯಾಗ ಚಾಲೂ ಮಾಡಿದ್ರ ಅವನ ಹೆಸ್ರು ಕುಂತಿತ್ತು, ಬರ್ರಿ ಅಂದಂಗ." ಕನ್ನಡಕ ತೆಗೆದು ಒರೆಸಿದರು. "ಜಗತ್ತೆಲ್ಲಾ ನೋಡೂ ಜಾಗದಾಗ ತಿಪ್ಪಿ, ಮನಿ. ಕಲೀಲಾರದವ ಬರದಾನ ಅಂತ ನಗಬಾರದು. ಸತ್ತ ಹುಡುಗನ ತಪ್ಪು ತಿದ್ದಿದೆ, ಅಷ್ಟ."

"ಅವು ತಪ್ಪಲ್ರಿ," ಎಂದೆ. "ನಮ್ಮ ಓಣ್ಯಾಗ ನಾವು ಆಡೂ ಮಾತು. ನಿಮ್ಮ ಮನ್ಯಾಗೂ ಅದನ್ನೇ ಆಡ್ತೀರಿ. ಬರದವ ನಮ್ಮಂವ ಅಂತ ತಪ್ಪಾತೇನು?"

ಸೂಗಮ್ಮ ಬಾಗಿಲ ಬಳಿಯಿಂದ ಎದ್ದು ಬಂದು ಮರಿಸ್ವಾಮಿಯವರ ಮುಂದೆ ನಿಂತಳು.

"ಹಂಗಾದ್ರ ಅವ ಅಲ್ಲ," ಎಂದಳು. "ನೀವು."

"ನಾನ, ಯವ್ವಾ."

"ಸಿಟ್ಟಿಲ್ಲ ಅವಗ."

"ಇಲ್ಲ."

ಅವಳು ಮರಳಿ ಹೋಗಿ ಕೂತಳು. ಮಗ ಸಿಟ್ಟಾದರೂ ಸರಿ, ಎಲ್ಲೋ ಇದ್ದಾನೆಂದು ಅವಳು ಆರು ವಾರ ನಂಬಿದ್ದಳೆಂಬುದು ನನಗೆ ಆಗ ತಿಳಿಯಿತು.

ಮರಿಸ್ವಾಮಿಯವರು ಮಾನ್ವಿಗೆ ಹೋಗಿ, ಉದಯಕುಮಾರನ ಎದುರಿಗೆ, ಗದ್ದೆಪ್ಪನ ಖಾತೆಯಿಂದ ಹೊರಬಂದರು. ಖಾತೆಯನ್ನು ಕೊಟ್ರೇಶ ಮುಚ್ಚಲಿಲ್ಲ, ಹೆಸರು ಉಳಿಯಿತು. ಶುಕ್ರವಾರ ನಾನು ಸೂಗಮ್ಮನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅವನ ಪದಗಳನ್ನು ಒಂದೊಂದಾಗಿ ಮರಳಿ ಹಾಕಿದೆ. ಅವಳು ಪ್ರತಿಯೊಂದನ್ನೂ ಬೆರಳಿಟ್ಟು ಓದಿದಳು. ಕೊನೆಯದಕ್ಕೆ ಬಂದಾಗ ನನ್ನ ಕೈ ಹಿಡಿದಳು.

"ಅದು ಹಂಗ ಇರ್ಲಿ, ಬಿಡು."

"ಹೋಗಿ ಬರ್ತೀನಿ ಅವನ ಮಾತು, ಯವ್ವಾ."

"ದಿನಾ ಅದನ್ನ ಓದಿ ದಾರಿ ನೋಡ್ತಿದ್ದೆ. ಅವ ಬರಂಗಿಲ್ಲ."

ನಾನು ಕೈ ತೆಗೆದೆ. ಸಂಜೆ ಐದಕ್ಕೆ ಪದಗಳಿಗೆ ಬೀಗ ಬಿತ್ತು.

ಬದಲಾದದ್ದು ಇನ್ನೂರ ಹದಿನಾರು. ಮರಳಿ ಬಂದದ್ದು ಇನ್ನೂರ ಹದಿನೈದು. ಹೋದದ್ದು ಒಂದು.