ನೋಡಬೇಕು, ಒತ್ತಬಾರದು

“ಕಿತ್ತೂರ ಪಂಚರ್ ಅಂತ ಬರದೀನಿ. ಈಗ ಸರ್ಚ್ ಒತ್ತು ಅಜ್ಜಿ,” ಎಂದು ಪೂರ್ಣಿ ಫೋನನ್ನು ಅಜ್ಜಿಯ ಕೈಗೆ ಕೊಟ್ಟಳು.

ಕರೆವ್ವಜ್ಜಿ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮೆಲ್ಲಗೆ ಒತ್ತಿದಳು. ಎಲ್ಲಕ್ಕಿಂತ ಮೇಲೆ ಬಂತು: ‘ಬಾಳೇಶ ಪಂಕ್ಚರ್ ವರ್ಕ್ಸ್, ಕಿತ್ತೂರು. ಹೈವೇಯಲ್ಲಿ ನೀವು ನಿಂತಲ್ಲಿಗೇ ಬರುತ್ತೇವೆ.’

ಪೂರ್ಣಿ ಓದಿ ಹೇಳಿದಳು. ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ತಂದಳು.

“ನಮ್ಮ ಬಾಳ್ಯಾನ ಹೆಸರು. ಅಂವಾ ಇದರಾಗ ಹೆಂಗ ಹೊಕ್ಕಾನ?”

“ಆ್ಯಡ್ ಅಜ್ಜಿ. ಸಚಿನ ಮಾಮಾ ಹಾಕ್ಯಾನ. ಹೆಸರ ಮ್ಯಾಲೆ ಒತ್ತು, ಅಪ್ಪನ ಫೋಟೋನೂ ಬರತೈತಿ.”

ಅಜ್ಜಿ ಒತ್ತಿದಳು. ಅಂಗಡಿಯ ಮುಂದೆ ಟೈರ್ ಹಿಡಿದು ನಿಂತ ಅಪ್ಪ ಕಾಣಿಸಿದ. ಫೋಟೊದಲ್ಲಿ ಅವನು ಬೈಸಿಕೊಂಡವನ ಹಾಗೆ ನಿಂತಿದ್ದ.

“ಇನ್ನೊಮ್ಮಿ ತೋರಸು,” ಎಂದಳು ಅಜ್ಜಿ.

ಹೈವೇಗೆ ಮೇಲ್ಸೇತುವೆ ಆದ ಮೇಲೆ ಗಾಡಿಗಳೆಲ್ಲ ಮೇಲಿನಿಂದಲೇ ಹಾರಿದ ಹಾಗೆ ಹೋಗುತ್ತಿದ್ದವು. ಕೆಳಗಿನ ಸರ್ವಿಸ್ ರೋಡಿನಲ್ಲಿದ್ದ ಅಪ್ಪನ ಅಂಗಡಿ ಯಾರಿಗೂ ಕಾಣುತ್ತಿರಲಿಲ್ಲ. ಹುಬ್ಬಳ್ಳಿಯ ದೊಡ್ಡ ಟೈರ್ ಅಂಗಡಿಯವರು ಅಪ್ಪನನ್ನು ಕೆಲಸಕ್ಕೆ ಕರೆದಿದ್ದರು. ಹೋದರೆ ಮನೆಗೆ ಬರುವುದು ಭಾನುವಾರ ಮಾತ್ರ.

“ಆ್ಯಡ್ ಹಾಕಿ ಒಂದ ವಾರ ನೋಡೂಣು,” ಎಂದಿದ್ದ ಅಪ್ಪ. “ಗಿರಾಕಿ ಬಂದ್ರ ಇಲ್ಲೇ. ಇಲ್ಲಂದ್ರ ಹುಬ್ಬಳ್ಳಿ.”

ದಿನಾ ಸಂಜೆ ಅಪ್ಪನ ಕಪ್ಪು ಕೈಗಳಿಗೆ ಚೊಂಬಿನಿಂದ ನೀರು ಹಾಕುವುದು ಪೂರ್ಣಿಯ ಕೆಲಸ. ಅಪ್ಪ ಸೋಪಿನ ನೊರೆಯನ್ನು ಅವಳ ಮೂಗಿಗೆ ಹಚ್ಚದೆ ಬಿಡುತ್ತಿರಲಿಲ್ಲ. ವಾರಕ್ಕೊಮ್ಮೆ ಬರುವ ಅಪ್ಪನನ್ನು ಅವಳು ಊಹಿಸಿಕೊಳ್ಳಲು ನೋಡಿದಳು. ಆಗಲಿಲ್ಲ.

ಅದಕ್ಕೇ ಮರುದಿನ ಸಾಲೆಯಲ್ಲಿ ಎಲ್ಲರಿಗೂ ಹೇಳಿದಳು. “ಮನಿಗೆ ಹೋಗಿ ಸರ್ಚ್ ಮಾಡ್ರಿ. ಬರೇ ನೋಡಬ್ಯಾಡ್ರಿ, ಹೆಸರ ಮ್ಯಾಲೆ ಒತ್ರಿ. ಎಷ್ಟ ಮಂದಿ ಒತ್ತತಾರೋ ಅಷ್ಟ ಛಲೋ.”

“ನಿಮ್ಮಪ್ಪ ಫೇಮಸ್ ಆದ ಬಿಡು,” ಎಂದಳು ಗೆಳತಿ ಮಂಜುಳಾ. ಮರುದಿನ ಓಡುತ್ತ ಬಂದು, “ನಾ ಒತ್ತಿದ್ನಿ, ನಮ್ಮ ಕಾಕಾ ಒತ್ತಿದ, ನಮ್ಮ ಮನಿಗೆ ಹಾಲು ತಗೊಳ್ಳಾಕ ಬಂದವರ ಕಡಿಂದೂ ಒತ್ತಿಸೇನಿ,” ಎಂದಳು.

ಆ್ಯಡನ್ನು ಎಷ್ಟು ಜನ ಒತ್ತಿದರು ಎನ್ನುವ ಲೆಕ್ಕ ಅಪ್ಪನ ಫೋನಿನಲ್ಲಿ ಬರುತ್ತಿತ್ತು. ಅದು ಏರಿದಷ್ಟೂ ಪೂರ್ಣಿಗೆ ಖುಷಿಯಿಂದ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಗಿರಾಕಿಗಳ ಕರೆ ಮಾತ್ರ ಒಂದೂ ಬಂದಿರಲಿಲ್ಲ.

ಸಚಿನ ಮಾಮಾ ಬೈಲಹೊಂಗಲದಲ್ಲಿ ಕಾಲೇಜು ಓದುತ್ತಿದ್ದ. ಆ ದಿನ ಸಂಜೆ ಅವನು ಅಂಗಡಿಗೆ ಬಂದಾಗ ಪೂರ್ಣಿಯೂ ಅಲ್ಲಿದ್ದಳು. ಮಾಮಾ ಫೋನಿನಲ್ಲಿ ಆ ಲೆಕ್ಕ ನೋಡಿ ಹುಬ್ಬು ಗಂಟಿಕ್ಕಿದ.

“ಇಷ್ಟ ಮಂದಿ ಒತ್ಯಾರ, ಒಬ್ಬರೂ ಫೋನ್ ಮಾಡಿಲ್ಲ. ಯಾರಿವ್ರು? ಮಧ್ಯಾಹ್ನ ಆಗೂದ್ರೊಳಗ ಇವತ್ತಿನ ರೊಕ್ಕ ಖಾಲಿ.”

“ಒತ್ತಿದ್ರ ಛಲೋ ಅಲ್ಲೇನು ಮಾಮಾ?” ಪೂರ್ಣಿಯ ದನಿ ಸಣ್ಣದಾಯಿತು.

“ಯಾರ ಒತ್ತಿದ್ರೂ ಪ್ರತಿ ಸಲ ನಮ್ಮ ರೊಕ್ಕ ಹೋಗತೈತಿ. ದಿನಕ್ಕ ಇಷ್ಟ ಅಂತ ಇಟ್ಟೇವಿ. ಅದು ಮುಗದ್ರ ಆ್ಯಡ್ ನಿಂತ ಬಿಡತೈತಿ. ಆಮ್ಯಾಲೆ ಹೈವೇದಾಗ ಪಂಚರ್ ಆದವರು ಹುಡುಕಿದ್ರ ನಮ್ಮ ಆ್ಯಡ್ ಬರೂದಿಲ್ಲ.”

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಾಳೆಯೂ ಅವರೆಲ್ಲ ಒತ್ತುತ್ತಾರೆ.

“ನಾನ ಹೇಳೀನಿ ಒತ್ರಿ ಅಂತ. ಸಾಲ್ಯಾಗ ಎಲ್ಲಾರಿಗೂ.”

ಅಪ್ಪ ನೀರಿನ ತೊಟ್ಟಿಯಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ತಲೆ ಎತ್ತಿ ಕೇಳಿದ, “ಅಜ್ಜಿನೂ ಒತ್ಯಾಳೇನು?”

“ಅಕೀನ ಎಲ್ಲಾರಿಗಿಂತ ಜಾಸ್ತಿ.”

ಮಾಮಾ ತಲೆ ಹಿಡಿದುಕೊಂಡ. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಟ್ಯೂಬನ್ನು ಮತ್ತೆ ನೀರಿಗೆ ಮುಳುಗಿಸಿದ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಪೂರ್ಣಿಗೆ.

ಅವಳು ಅಲ್ಲಿಂದ ನೇರ ಮಂಜುಳಾಳ ಮನೆಗೆ ಓಡಿದಳು. ಅವಳ ಕಾಕಾ ಬಾಗಿಲಲ್ಲೇ ಕುಳಿತಿದ್ದ.

“ಕಾಕಾ, ಇನ್ನ ಮ್ಯಾಲೆ ಆ್ಯಡ್ ಒತ್ತಬ್ಯಾಡ್ರಿ.”

“ನಿನ್ನೆ ಒತ್ರಿ ಅಂದಿ, ಇವತ್ತ ಬ್ಯಾಡ ಅಂತಿ. ಯಾವ ಮಾತ ಕೇಳೂದವಾ ನಿಂದು?”

“ನೀವು ಒತ್ತಿದ್ರ ನಮ್ಮಪ್ಪನ ರೊಕ್ಕ ಹೋಗತೈತ್ರಿ. ರೊಕ್ಕ ಮುಗದ್ರ ಅಪ್ಪ ಹುಬ್ಬಳ್ಳಿಗೆ ಹೋಗತಾನ.”

ಕಾಕಾ ಫೋನನ್ನು ಅಂಗಿಯ ಕಿಸೆಗೆ ಇಳಿಸಿದ. ಮಂಜುಳಾ ಚಪ್ಪಲಿ ಮೆಟ್ಟಿಕೊಂಡು, “ನಡಿ, ಹಾಲಿಗೆ ಬಂದವರಿಗೆ ನಾ ಹೇಳತೇನಿ,” ಎಂದಳು.

ಇಬ್ಬರೂ ಓಣಿಯ ಮನೆಮನೆಗೂ, ಸಾಲೆಯ ಗೆಳತಿಯರ ಮನೆಗಳಿಗೂ ಹೋದರು. ಎಲ್ಲರಿಗಿಂತ ಕಷ್ಟವಾದವಳು ಅಜ್ಜಿ.

“ನನ್ನ ಮಗನ್ನ ನಾ ನೋಡಬಾರದೇನು?”

ಪೂರ್ಣಿ ಯೋಚಿಸಿದಳು. ಅಂಗಡಿಯ ಫೋಟೊವನ್ನು ಫೋನಿನಲ್ಲಿ ಬೇರೆಯಾಗಿ ಸೇವ್ ಮಾಡಿ ಅಜ್ಜಿಗೆ ಕೊಟ್ಟಳು. “ಇದನ್ನ ಎಷ್ಟ ಬೇಕಾದ್ರೂ ಒತ್ತು, ರೊಕ್ಕ ಹೋಗೂದಿಲ್ಲ.”

ಮರುದಿನ ಆ್ಯಡ್ ಸಂಜೆಯ ತನಕ ಇತ್ತು. ಅದರ ಮರುದಿನವೂ ಇತ್ತು. ಫೋನು ಮಾತ್ರ ಬರಲಿಲ್ಲ. ವಾರದ ಕೊನೆಯ ದಿನ ಭಾನುವಾರ. ಪೂರ್ಣಿ ಬೆಳಗ್ಗೆಯೇ ಅಂಗಡಿಗೆ ಬಂದು ಫೋನಿನ ಪಕ್ಕ ಕುಳಿತಳು.

ಹತ್ತರ ಹೊತ್ತಿಗೆ ಅದು ಗುಂಯ್‌ಗುಟ್ಟಿತು. ಅಪ್ಪನ ಕೈ ಎಣ್ಣೆಯಾಗಿತ್ತು. ಪೂರ್ಣಿಯೇ ಎತ್ತಿದಳು.

“ಹೈವೇದಾಗ ನಿಂತೇವ್ರಿ,” ಎಂದಿತು ಹೆಂಗಸಿನ ದನಿ. “ಟೈರ್ ಪೂರಾ ಕುಂತೈತಿ. ಧಾರವಾಡಕ್ಕ ಮದುವಿಗೆ ಹೊಂಟೇವಿ, ಲೇಟ್ ಆಗೇತಿ.”

“ಎಲ್ಲಿ ನಿಂತೀರಿ? ಬಾಜೂಕ ಏನ ಕಾಣತೈತ್ರಿ?”

“ಕಬ್ಬಿನ ಹೊಲ.”

“ಕಬ್ಬು ಎಲ್ಲಾ ಕಡೆ ಐತ್ರಿ ಅಕ್ಕಾರ. ಮತ್ತೇನರ ಹೇಳ್ರಿ.”

“ಒಂದ ಮುರಕ ಬಸ್‌ಸ್ಟಾಪು. ಮ್ಯಾಲೆ ನೀಲಿ ಬಣ್ಣ.”

“ಗೊತ್ತಾತ್ರಿ. ಅಲ್ಲೇ ನಿಂದರ್ರಿ, ಬಂದ್ವಿ.”

ಅಪ್ಪನ ಬೈಕಿನ ಹಿಂದೆ ಗಾಳಿ ಪಂಪನ್ನು ತಬ್ಬಿಕೊಂಡು ಪೂರ್ಣಿ ಕುಳಿತಳು.

ಕಾರಿನ ಪಕ್ಕ ರೇಷ್ಮೆ ಸೀರೆಯ ಅಕ್ಕ ರಸ್ತೆಯನ್ನೇ ನೋಡುತ್ತ ನಿಂತಿದ್ದಳು. ಒಳಗೆ ಅವಳ ಅವ್ವ ಬೀಸಣಿಕೆ ಆಡಿಸುತ್ತಿದ್ದಳು. ಅಪ್ಪ ಮೊಳೆ ಕಿತ್ತು, ತೂತಿಗೆ ರಬ್ಬರ್ ತುರುಕಿ, ಗಾಳಿ ತುಂಬತೊಡಗಿದ. ಅಷ್ಟರಲ್ಲಿ ಫೋನು ಮತ್ತೆ ಬಂತು. ಪಕ್ಕದ ಊರು ಎಂ.ಕೆ. ಹುಬ್ಬಳ್ಳಿಯ ಕಡೆ ಒಂದು ಟೆಂಪೋ ನಿಂತಿತ್ತಂತೆ.

ದುಡ್ಡು ಕೊಟ್ಟು ಅಕ್ಕ ಕೇಳಿದಳು, “ನಿಮ್ಮ ಹೆಸರೇನ್ರಿ? ನಂಬರ್ ಸೇವ್ ಮಾಡಕೊಂತೇನಿ.”

ಅವಳ ಫೋನಿನಲ್ಲಿ ಆ್ಯಡ್ ಇನ್ನೂ ತೆರೆದೇ ಇತ್ತು. ‘ಬಾಳೇಶ’ ಎಂದು ದಪ್ಪ ಅಕ್ಷರದಲ್ಲಿತ್ತು.

“ಅಲ್ಲೇ ಬರದೈತಲ್ರಿ,” ಎಂದಳು ಪೂರ್ಣಿ.

“ಹೌದಲ್ಲ. ಅವಾಗ ಯಾರ ಓದತಾರವಾ? ಬರತೇವಿ ಅಂತ ಇತ್ತು, ನಂಬರ್ ಇತ್ತು, ಫೋನ್ ಹಚ್ಚಿದ್ನಿ,” ಎಂದು ನಕ್ಕ ಅಕ್ಕ, ‘ಕಿತ್ತೂರ ಪಂಚರ್ ಅಣ್ಣ’ ಎಂದು ಬರೆದುಕೊಂಡಳು.

ಹೆಸರು ತಿದ್ದಹೊರಟ ಪೂರ್ಣಿ, ಅಷ್ಟೇ ಸಾಕೆಂದುಕೊಂಡು ಪಂಪನ್ನು ಎತ್ತಿಕೊಂಡಳು.

ಕಾರು ಹೊರಟಿತು. ಅಪ್ಪ ಬೈಕನ್ನು ಎಂ.ಕೆ. ಹುಬ್ಬಳ್ಳಿಯ ಕಡೆ ತಿರುಗಿಸಿದ.

“ಮಾಮಾಗ ಹೇಳು, ಆ್ಯಡ್ ಇನ್ನೊಂದ ತಿಂಗಳ ಇರಲಿ ಅಂತ.”

“ಟೈರ್ ಅಂಗಡಿಯವ್ರಿಗೆ?”

“ಅವರಿಗೆ ನಾ ಹೇಳತೇನಿ ತಗೋ.”

ಪೂರ್ಣಿ ಪಂಪನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಪಕ್ಕದಲ್ಲಿ ಕಾರು, ಲಾರಿ, ಬಸ್ಸುಗಳು ದಾಟಿ ಹೋಗುತ್ತಿದ್ದವು. ಒಂದರಲ್ಲೂ ಗುರುತಿನ ಮುಖ ಇರಲಿಲ್ಲ. ಅವರಿಗೂ ಅಪ್ಪ, ಪೂರ್ಣಿ ಯಾರೆಂದು ಗೊತ್ತಿರಲಿಲ್ಲ. ಆದರೆ ಆ್ಯಡ್ ಇದ್ದದ್ದು ಅವರಿಗಾಗಿಯೇ. ಇಷ್ಟು ದಿನ ಅವಳು ಆ ಮುಖಗಳನ್ನು ನೋಡಿಯೇ ಇರಲಿಲ್ಲ. ಈಗ ಒಂದೊಂದನ್ನೂ ನೋಡುತ್ತ ಹೋದಳು.